ವಸಡಿನ ರೋಗಕ್ಕೆ ಮಾತ್ರೆಯೊಂದೇ ಏಕೆ ಸಾಲದು: ಬ್ಯಾಕ್ಟೀರಿಯಾ, ಪ್ರತಿಜೀವಕ ಮತ್ತು ನಿರೋಧಕತೆ

ವಿಶ್ವ ಆರೋಗ್ಯ ಸಂಸ್ಥೆಯು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2023ರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ಬ್ಯಾಕ್ಟೀರಿಯಾ ಸೋಂಕುಗಳ ಪೈಕಿ ಜಗತ್ತಿನಾದ್ಯಂತ ಆರರಲ್ಲೊಂದು ಪ್ರತಿಜೀವಕ (ಆ್ಯಂಟಿಬಯಾಟಿಕ್) ಔಷಧಗಳಿಗೆ ಬಗ್ಗುತ್ತಿರಲಿಲ್ಲ. ಭಾರತ ಸೇರಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಈ ಪ್ರಮಾಣ ಮೂರರಲ್ಲೊಂದು. ಈ ಸುದ್ದಿಯ ನಂತರ ಪ್ರತಿಜೀವಕಗಳ ಮಿತಬಳಕೆಯ ಮಾತು ಆಸ್ಪತ್ರೆಗಳಲ್ಲಿ ಮಾತ್ರವಲ್ಲದೆ ದಂತ ಚಿಕಿತ್ಸಾಲಯಗಳಲ್ಲೂ ಮತ್ತೆ ಕೇಳಿಬರತೊಡಗಿದೆ. ಆದರೆ ವಸಡಿನ ರೋಗದ ವಿಷಯದಲ್ಲಿ ಓದುಗರ ಮುಂದಿರುವ ಮಾಹಿತಿ ಒಂದಕ್ಕೊಂದು ಹೊಂದುವಂತೆ ಕಾಣುವುದಿಲ್ಲ. ದೀರ್ಘಕಾಲದ ವಸಡು ರೋಗ ಇರುವ ಬಹುಪಾಲು ಜನರ ಬಾಯಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾ ಇವೆ ಎಂದು ಒಂದು ಅಧ್ಯಯನ ಹೇಳುತ್ತದೆ. ಒಂದು ವಾರ ಎರಡು ಬಗೆಯ ಮಾತ್ರೆ ನುಂಗಿದರೆ ಚಿಕಿತ್ಸೆಯ ಫಲಿತಾಂಶ ಸುಧಾರಿಸುತ್ತದೆ ಎಂದು ಇನ್ನೊಂದು ಅಧ್ಯಯನ ಹೇಳುತ್ತದೆ. ಇವೆರಡನ್ನೂ ಓದಿಕೊಂಡ ತಜ್ಞರ ಮಾರ್ಗಸೂಚಿಯಾದರೋ ವಾಡಿಕೆಯಂತೆ ಪ್ರತಿಜೀವಕ ಕೊಡಬೇಡಿ ಎನ್ನುತ್ತದೆ.

ಈ ಮೂರೂ ಮಾತುಗಳು ನಿಜ. ಅವು ಹೇಗೆ ಏಕಕಾಲಕ್ಕೆ ನಿಜವಾಗಿರಲು ಸಾಧ್ಯ ಎಂಬುದನ್ನು ತಿಳಿಯಬೇಕಾದರೆ, ವಸಡಿನ ಕೆಳಗೆ ಬ್ಯಾಕ್ಟೀರಿಯಾ ಬದುಕುವ ರೀತಿಯಿಂದಲೇ ಆರಂಭಿಸಬೇಕು.

ರೋಗ ಬೆಳೆಯುವ ಬಗೆ

ಹಲ್ಲುಜ್ಜುವಾಗ ರಕ್ತ ಬರುವುದು, ವಸಡು ಕೆಂಪಾಗಿ ಊದಿಕೊಳ್ಳುವುದು ಮೊದಲ ಹಂತ. ಈ ಹಂತದಲ್ಲಿ ಸರಿಯಾಗಿ ಶುಚಿಗೊಳಿಸಿದರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ. ಹಾಗೆ ಮಾಡದಿದ್ದಾಗ, ಹಲ್ಲಿನ ಬುಡದಲ್ಲಿ ಕೂತ ಲೋಳೆಯಂಥ ಪದರ ಲಾಲಾರಸದ ಖನಿಜಗಳನ್ನು ಹೀರಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಿಟ್ಟ ಎಂದು ಜನ ಕರೆಯುವುದು ಇದನ್ನೇ. ಕಿಟ್ಟದ ಒರಟು ಮೈಮೇಲೆ ಹೊಸ ಪದರ ಇನ್ನೂ ಸುಲಭವಾಗಿ ಅಂಟುತ್ತದೆ. ಕೆಲವರಲ್ಲಿ ಈ ಉರಿಯೂತ ವಸಡಿನಿಂದ ಕೆಳಗಿಳಿದು, ಹಲ್ಲನ್ನು ದವಡೆಗೆ ಕಟ್ಟಿಹಿಡಿದ ನಾರುಗಳನ್ನೂ ಮೂಳೆಯನ್ನೂ ಕರಗಿಸತೊಡಗುತ್ತದೆ. ವಸಡು ಹಲ್ಲಿನಿಂದ ಬೇರ್ಪಟ್ಟು ನಡುವೆ ಸಂದು ಬೀಳುತ್ತದೆ. ದಂತವೈದ್ಯರು ಅದನ್ನು ಪಾಕೆಟ್ ಎನ್ನುತ್ತಾರೆ. ಆರೋಗ್ಯವಂತರಲ್ಲಿ 3 ಮಿಲಿಮೀಟರ್‌ ಮೀರದ ಈ ಸಂದು ತೀವ್ರ ರೋಗದಲ್ಲಿ 6 ಮಿಲಿಮೀಟರ್‌ ಅಥವಾ ಅದಕ್ಕಿಂತ ಆಳಕ್ಕೆ ಹೋಗುತ್ತದೆ. ನಂತರ ಕೀವು, ದುರ್ವಾಸನೆ, ಹಲ್ಲುಗಳ ಅಲುಗಾಟ, ಕೊನೆಗೆ ಹಲ್ಲು ಉದುರುವುದು. ಹಿಂದಿನವರು ಪಯೋರಿಯಾ ಎಂದು ಕರೆಯುತ್ತಿದ್ದುದು ಈ ಸ್ಥಿತಿಯನ್ನೇ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಅಂದಾಜಿಸಿದಂತೆ ಜಗತ್ತಿನಲ್ಲಿ ಸುಮಾರು 100 ಕೋಟಿ ಜನರಿಗೆ ತೀವ್ರ ಸ್ವರೂಪದ ವಸಡು ರೋಗವಿದೆ. ಇದು ನೋವಿಲ್ಲದೆ ಬೆಳೆಯುವ ರೋಗವಾದ್ದರಿಂದ ಬಹಳಷ್ಟು ಮಂದಿ ವೈದ್ಯರ ಬಳಿಗೆ ಬರುವ ಹೊತ್ತಿಗೆ ಸಾಕಷ್ಟು ಮೂಳೆ ಕರಗಿರುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ರೋಗವನ್ನು ಉಲ್ಬಣಗೊಳಿಸುತ್ತವೆ; ಸಕ್ಕರೆ ಕಾಯಿಲೆಯೂ ಹಾಗೆಯೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಲೆಕ್ಕ ಹಾಕಿರುವಾಗ, ವಸಡಿನ ರೋಗವನ್ನು ಬರಿಯ ಹಲ್ಲಿನ ತೊಂದರೆಯೆಂದು ಬದಿಗಿಡುವಂತಿಲ್ಲ.

ಇದು ಒಂದೇ ಜೀವಿಯ ಕೆಲಸವಲ್ಲ

ಕ್ಷಯಕ್ಕೆ ಒಂದು ಬ್ಯಾಕ್ಟೀರಿಯಾ, ಟೈಫಾಯ್ಡ್‌ಗೆ ಇನ್ನೊಂದು ಎಂಬಂತೆ ವಸಡು ರೋಗಕ್ಕೆ ಒಂದೇ ಕಾರಣಜೀವಿಯನ್ನು ಬೆರಳಿಟ್ಟು ತೋರಿಸಲಾಗದು. ಮನುಷ್ಯರ ಬಾಯಲ್ಲಿ ಈವರೆಗೆ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಹೆಚ್ಚಿನವು ಯಾರಿಗೂ ಕೇಡು ಮಾಡದೆ, ಕೆಲವು ಉಪಕಾರವನ್ನೂ ಮಾಡುತ್ತ ಇರುತ್ತವೆ. 1998ರಲ್ಲಿ ಅಮೆರಿಕದ ಸಂಶೋಧಕ ಸಿಗ್ಮಂಡ್ ಸೊಕ್ರಾನ್ಸ್ಕಿ ಮತ್ತು ಸಂಗಡಿಗರು ಆಳವಾದ ಸಂದುಗಳಲ್ಲಿ ಜೊತೆಜೊತೆಯಾಗಿಯೇ ಸಿಗುವ ಮೂರು ಬ್ಯಾಕ್ಟೀರಿಯಾಗಳನ್ನು ಒಂದು ಗುಂಪಾಗಿ ವಿಂಗಡಿಸಿ ಅದಕ್ಕೆ ಕೆಂಪು ಸಮೂಹ ಎಂದು ಹೆಸರಿಟ್ಟರು: ಪೋರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ ಮತ್ತು ಟ್ರೆಪೊನೆಮಾ ಡೆಂಟಿಕೋಲಾ. ಇವು ಮೂರೂ ಆಮ್ಲಜನಕವನ್ನು ಸಹಿಸದ ಜೀವಿಗಳು. ಸಂದು ಆಳವಾದಷ್ಟೂ ಅಲ್ಲಿ ಗಾಳಿ ಕಡಿಮೆ, ಇವುಗಳಿಗೆ ಅನುಕೂಲ ಹೆಚ್ಚು. ಯುವಜನರಲ್ಲಿ ವೇಗವಾಗಿ ಹಬ್ಬುವ ರೋಗದಲ್ಲಿ ಅಗ್ರಿಗೇಟಿಬ್ಯಾಕ್ಟರ್ ಆ್ಯಕ್ಟಿನೊಮೈಸೆಟೆಮ್‌ಕಾಮಿಟನ್ಸ್ ಎಂಬ ಮತ್ತೊಂದು ಜೀವಿಯ ಪಾತ್ರ ದೊಡ್ಡದು.

ಇಲ್ಲಿ ಒಂದು ಸುಳಿ ಇದೆ. ಬ್ಯಾಕ್ಟೀರಿಯಾಗಳಿಂದ ಉರಿಯೂತ ಹುಟ್ಟುತ್ತದೆ. ಉರಿಯೂತದಿಂದ ಸಂದಿನೊಳಗೆ ಒಸರುವ ದ್ರವ ಮತ್ತು ರಕ್ತ ಅದೇ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಆಹಾರ ಸಿಕ್ಕಿ ಅವು ಹೆಚ್ಚಿದಷ್ಟೂ ಉರಿಯೂತ ಹೆಚ್ಚುತ್ತದೆ. ಹೀಗಾಗಿ ಒಂದೆರಡು ಜೀವಿಗಳನ್ನು ಕೆಲವು ದಿನ ಅಡಗಿಸಿದ ಮಾತ್ರಕ್ಕೆ ರೋಗ ನಿಲ್ಲುವುದಿಲ್ಲ. ಸಂದು ಮತ್ತು ಕಿಟ್ಟ ಇದ್ದಲ್ಲೇ ಇದ್ದರೆ, ಅದೇ ಜೀವಿಗಳಿಗೆ ಅದೇ ಮನೆ ಮತ್ತೆ ಸಿಗುತ್ತದೆ.

ಔಷಧ ಒಳಗಿಳಿಯದ ಪದರ

1680ರ ದಶಕದಲ್ಲಿ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯಿಂದ ತೆಗೆದ ಬಿಳಿಯ ಲೋಳೆಯನ್ನು ತಾನೇ ಮಾಡಿದ ಸೂಕ್ಷ್ಮದರ್ಶಕದ ಕೆಳಗಿಟ್ಟು, ಅಲ್ಲಿ ಓಡಾಡುವ ಪುಟ್ಟ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಆತ ಗಮನಿಸಿದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದಾಗ ಪದರದ ಹೊರಮೈಯಲ್ಲಿದ್ದ ಜೀವಿಗಳು ಮಾತ್ರ ಸತ್ತಿದ್ದವು, ಒಳಗಿನವು ಬದುಕಿದ್ದವು. ಪ್ರತಿಜೀವಕ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ ದಾಖಲಾದ ಈ ಮಾತಿನಲ್ಲಿ ಇಂದಿನ ಸಮಸ್ಯೆಯ ತಿರುಳಿದೆ.

ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳು ಬಿಡಿಬಿಡಿಯಾಗಿ ತೇಲುತ್ತಿರುವುದಿಲ್ಲ. ತಾವೇ ಸ್ರವಿಸಿದ ಅಂಟಿನೊಳಗೆ ಹಲವು ಜಾತಿಯವು ಒಟ್ಟಾಗಿ, ಪದರದ ಮೇಲೆ ಪದರವಾಗಿ ಹುದುಗಿರುತ್ತವೆ. ವಿಜ್ಞಾನದಲ್ಲಿ ಇದಕ್ಕೆ ಬಯೊಫಿಲ್ಮ್ ಎಂಬ ಹೆಸರು. ಕಲ್ಯಾಣಿಯ ಮೆಟ್ಟಿಲಿಗೆ ಕಟ್ಟಿದ ಪಾಚಿಯನ್ನು ನೆನೆಸಿಕೊಂಡರೆ ಇದರ ಸ್ವಭಾವ ಅರ್ಥವಾಗುತ್ತದೆ: ಮೇಲೆ ನೀರು ಸುರಿದರೆ ಅದು ಹೋಗುವುದಿಲ್ಲ, ಉಜ್ಜಿ ಕೆರೆಯಬೇಕು.

ಇಂಥ ಪದರದೊಳಗಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು, ಅದೇ ಬ್ಯಾಕ್ಟೀರಿಯಾಗಳು ದ್ರವದಲ್ಲಿ ಬಿಡಿಯಾಗಿ ತೇಲುತ್ತಿದ್ದಾಗ ಬೇಕಾಗುವುದಕ್ಕಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಔಷಧ ಬೇಕಾಗಬಹುದು. ಇದಕ್ಕೆ ಕಾರಣ ಒಂದೇ ಅಲ್ಲ. ಅಂಟು ಔಷಧದ ಅಣುಗಳನ್ನು ತಡೆದು ನಿಧಾನಗೊಳಿಸುತ್ತದೆ. ಒಳಪದರದ ಬ್ಯಾಕ್ಟೀರಿಯಾಗಳು ಆಹಾರ ಸಾಲದೆ ಬಹಳ ನಿಧಾನವಾಗಿ ಬೆಳೆಯುತ್ತಿರುತ್ತವೆ. ಅಮಾಕ್ಸಿಸಿಲಿನ್‌ನಂಥ ಔಷಧಗಳು ಬ್ಯಾಕ್ಟೀರಿಯಾ ತನ್ನ ಹೊರಗೋಡೆಯನ್ನು ಕಟ್ಟಿಕೊಳ್ಳುವ ಹೊತ್ತಿನಲ್ಲಿ ಹೊಡೆಯುವಂಥವು, ಗೋಡೆ ಕಟ್ಟುವ ಕೆಲಸವೇ ನಡೆಯದಿದ್ದಲ್ಲಿ ಅವುಗಳಿಗೆ ಹೊಡೆಯಲು ಗುರಿ ಇರುವುದಿಲ್ಲ. ಇನ್ನು ಕೆಲವು ಕೋಶಗಳು ಪೂರ್ತಿ ಸುಪ್ತವಾಗಿ ಮಲಗಿದ್ದು, ಔಷಧದ ಅವಧಿ ಮುಗಿದ ಮೇಲೆ ಎದ್ದು ಮತ್ತೆ ಸಂತತಿ ಬೆಳೆಸುತ್ತವೆ.

ಗಮನಿಸಬೇಕಾದದ್ದು ಏನೆಂದರೆ ಇಷ್ಟರಲ್ಲಿ ಎಲ್ಲಿಯೂ ನಿರೋಧಕತೆಯ ಮಾತು ಬಂದಿಲ್ಲ. ಈ ಬ್ಯಾಕ್ಟೀರಿಯಾಗಳನ್ನು ಅಲ್ಲಿಂದ ತೆಗೆದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರೆ ಅದೇ ಔಷಧಕ್ಕೆ ಅವು ಸಾಯುತ್ತವೆ. ಅವು ಇರುವ ಜಾಗ ಅವುಗಳನ್ನು ಉಳಿಸುತ್ತಿದೆಯೇ ಹೊರತು ಅವುಗಳ ವಂಶಗುಣವಲ್ಲ. ಇದನ್ನು ಸಹಿಷ್ಣುತೆ ಎನ್ನಬೇಕು. ಪ್ರತಿಜೀವಕ ನುಂಗಿಯೂ ವಸಡು ವಾಸಿಯಾಗಲಿಲ್ಲ ಎಂದಾಗ ನಿರೋಧಕ ಬ್ಯಾಕ್ಟೀರಿಯಾ ಇರಬೇಕು, ಇನ್ನೂ ಪ್ರಬಲವಾದ ಔಷಧ ಬೇಕು ಎಂಬ ತೀರ್ಮಾನಕ್ಕೆ ರೋಗಿಯೂ ಒಮ್ಮೊಮ್ಮೆ ವೈದ್ಯರೂ ಬಂದುಬಿಡುತ್ತಾರೆ. ಅಲ್ಲಿ ಕೊರತೆಯಾದದ್ದು ಔಷಧದ ಬಲವಲ್ಲ, ಪದರವನ್ನು ಒಡೆಯುವ ಕೈಕೆಲಸ.

ನಿಜವಾದ ನಿರೋಧಕತೆ ಎಲ್ಲಿ ಬರುತ್ತದೆ

ಸಹಿಷ್ಣುತೆಯ ಜೊತೆಗೆ ವಂಶವಾಹಿಗಳಲ್ಲೇ ಅಚ್ಚಾದ ನಿರೋಧಕತೆಯೂ ಬಾಯಲ್ಲಿ ಇದೆ. ಪ್ರಿವೊಟೆಲ್ಲಾ ಕುಲದ ಅನೇಕ ತಳಿಗಳು ಪೆನಿಸಿಲಿನ್ ಬಗೆಯ ಔಷಧಗಳನ್ನು ಕತ್ತರಿಸಿಹಾಕುವ ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಈ ಕಿಣ್ವ ಪದರದೊಳಗೆ ಹರಡುವುದರಿಂದ, ಅದನ್ನು ತಯಾರಿಸಲಾರದ ನೆರೆಯ ಬ್ಯಾಕ್ಟೀರಿಯಾಗಳಿಗೂ ರಕ್ಷಣೆ ದೊರೆಯುತ್ತದೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳಿಗೆ ನಿರೋಧ ಒಡ್ಡುವ ವಂಶವಾಹಿಗಳು ಒಂದು ಕೋಶದಿಂದ ಇನ್ನೊಂದಕ್ಕೆ ಜಿಗಿಯಬಲ್ಲ ಡಿಎನ್‌ಎ ತುಣುಕುಗಳ ಮೇಲೆ ಕೂತಿರುತ್ತವೆ. ಹತ್ತಾರು ಜಾತಿಗಳು ಮೈಗೆ ಮೈ ತಾಗಿಸಿಕೊಂಡಿರುವ ಪದರಕ್ಕಿಂತ ಇಂಥ ಹಸ್ತಾಂತರಕ್ಕೆ ಹೆಚ್ಚು ಅನುಕೂಲವಾದ ಜಾಗ ದೇಹದಲ್ಲಿ ವಿರಳ.

ಇದರ ಪ್ರಮಾಣವೆಷ್ಟು ಎಂಬ ಪ್ರಶ್ನೆಗೆ ಹೆಚ್ಚಾಗಿ ಉಲ್ಲೇಖವಾಗುವುದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. ಥಾಮಸ್ ರಾಮ್ಸ್ ಮತ್ತು ಸಹೋದ್ಯೋಗಿಗಳು ದೀರ್ಘಕಾಲದ ವಸಡು ರೋಗವಿದ್ದ 400 ಜನರ ಸಂದುಗಳಿಂದ ಮಾದರಿ ತೆಗೆದು ಪರೀಕ್ಷಿಸಿದರು. ಶೇ 74ರಷ್ಟು ಜನರಲ್ಲಿ ಕನಿಷ್ಠ ಒಂದು ಔಷಧಕ್ಕೆ ಬಗ್ಗದ ರೋಗಕಾರಕ ಇತ್ತು. ಡಾಕ್ಸಿಸೈಕ್ಲಿನ್‌ಗೆ ಶೇ 55, ಅಮಾಕ್ಸಿಸಿಲಿನ್‌ಗೆ ಶೇ 43, ಮೆಟ್ರೊನಿಡಜೋಲ್‌ಗೆ ಶೇ 30ರಷ್ಟು ಜನರಲ್ಲಿ ನಿರೋಧಕ ಬ್ಯಾಕ್ಟೀರಿಯಾ ಸಿಕ್ಕಿದವು. ಶೀರ್ಷಿಕೆಗಳಲ್ಲಿ ಕಾಣಿಸಿಕೊಳ್ಳುವುದು ಈ ಮೊದಲ ಅಂಕಿಯೇ. ಆದರೆ ಅದನ್ನು ಎಚ್ಚರಿಕೆಯಿಂದ ಓದಬೇಕು. ಶೇ 74 ಎಂಬುದು ರೋಗಿಗಳ ಲೆಕ್ಕ, ಬ್ಯಾಕ್ಟೀರಿಯಾಗಳ ಲೆಕ್ಕವಲ್ಲ. ಒಬ್ಬರ ಬಾಯಲ್ಲಿ ಹತ್ತು ಜಾತಿಗಳಿದ್ದು ಅದರಲ್ಲೊಂದು ನಿರೋಧಕವಾಗಿದ್ದರೂ ಅವರು ಆ ಪಟ್ಟಿಗೆ ಸೇರುತ್ತಾರೆ. ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಎರಡಕ್ಕೂ ನಿರೋಧಕವಾದ ಬ್ಯಾಕ್ಟೀರಿಯಾಗಳು ಕಂಡುಬಂದದ್ದು ಶೇ 15ರಷ್ಟು ಜನರಲ್ಲಿ.

ಬಳಕೆಗೂ ನಿರೋಧಕತೆಗೂ ನೇರ ನಂಟಿದೆ ಎನ್ನಲು ಯುರೋಪಿನ ಹೋಲಿಕೆಯೊಂದು ಸಾಕ್ಷಿ. ನೆದರ್ಲೆಂಡ್ಸ್ ಪ್ರತಿಜೀವಕಗಳನ್ನು ಬಹಳ ಹಿಡಿತದಿಂದ ಬಳಸುವ ದೇಶ. ಸ್ಪೇನಿನಲ್ಲಿ ಬಳಕೆ ಹೆಚ್ಚು. ಎರಡೂ ದೇಶಗಳ ವಸಡು ರೋಗಿಗಳ ಬ್ಯಾಕ್ಟೀರಿಯಾಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಸ್ಪೇನಿನ ಮಾದರಿಗಳಲ್ಲಿ ನಿರೋಧಕತೆ ಹೆಚ್ಚಾಗಿತ್ತು. ಔಷಧ ಅಂಗಡಿಯಲ್ಲಿ ಮಾತ್ರೆ ಸುಲಭವಾಗಿ ಸಿಗುವ ನಮ್ಮಂಥ ದೇಶಗಳಲ್ಲಿ ಪರಿಸ್ಥಿತಿ ಯಾವ ಕಡೆಗೆ ವಾಲಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗೆಂದು ನಿರೋಧಕತೆಯೆಲ್ಲ ಇಂದಿನ ಔಷಧಗಳಿಂದಲೇ ಹುಟ್ಟಿತೆನ್ನಲಾಗದು. ಜರ್ಮನಿಯ ಡಾಲ್‌ಹೈಮ್ ಎಂಬಲ್ಲಿ ದೊರೆತ ಮಧ್ಯಯುಗದ ಅಸ್ಥಿಪಂಜರಗಳ ಹಲ್ಲಿನ ಕಿಟ್ಟವನ್ನು ವಿಶ್ಲೇಷಿಸಿ 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸುಮಾರು ಸಾವಿರ ವರ್ಷ ಹಳೆಯ ಬಾಯಿಗಳಲ್ಲಿ ಕೆಂಪು ಸಮೂಹದ ಬ್ಯಾಕ್ಟೀರಿಯಾಗಳೂ, ಇಂದಿನ ನಿರೋಧಕತೆಯ ವಂಶವಾಹಿಗಳನ್ನು ಹೋಲುವ ಡಿಎನ್‌ಎಯೂ ಕಂಡುಬಂದವು. ಬೀಜ ಹಳೆಯದು; ಅದಕ್ಕೆ ನೀರು ಗೊಬ್ಬರ ಸಿಕ್ಕಿದ್ದು ಪ್ರತಿಜೀವಕಗಳು ವ್ಯಾಪಕ ಬಳಕೆಗೆ ಬಂದ 1940ರ ದಶಕದ ನಂತರ. 2002ರಲ್ಲಿ ಮಗ್ಡಾ ಫೆರೆಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಅಮಾಕ್ಸಿಸಿಲಿನ್ ಅಥವಾ ಮೆಟ್ರೊನಿಡಜೋಲ್ ಸೇವಿಸುತ್ತಿರುವಾಗ ಸಂದಿನಲ್ಲಿ ನಿರೋಧಕ ಬ್ಯಾಕ್ಟೀರಿಯಾಗಳ ಪಾಲು ಏರುವುದನ್ನೂ, ಸುಮಾರು 90 ದಿನಗಳ ಹೊತ್ತಿಗೆ ಅದು ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಇಳಿಯುವುದನ್ನೂ ತೋರಿಸಿತು. ಇದು ಸಮಾಧಾನದ ಸುದ್ದಿ. ಆದರೆ ವರ್ಷಕ್ಕೆ ಮೂರು ನಾಲ್ಕು ಬಾರಿ ವಸಡು ಊದಿದಾಗಲೆಲ್ಲ ಅದೇ ಮಾತ್ರೆ ನುಂಗುವವರಿಗೆ ಆ ಇಳಿತದ ಬಿಡುವೇ ಸಿಗುವುದಿಲ್ಲ.

ಎರಡು ಔಷಧಗಳ ಜೋಡಿ ಬಳಕೆಗೆ ಬಂದದ್ದು

ಮೆಟ್ರೊನಿಡಜೋಲ್ ವಸಡಿನ ಔಷಧವಾದದ್ದು ಆಕಸ್ಮಿಕವಾಗಿ. ಅದನ್ನು ಮೊದಲು ಬಳಸುತ್ತಿದ್ದುದು ಟ್ರೈಕೊಮೊನಾಸ್ ಎಂಬ ಪರಾವಲಂಬಿಯಿಂದ ಬರುವ ಯೋನಿಯ ಸೋಂಕಿಗೆ. 1962ರಲ್ಲಿ ಲಂಡನ್ನಿನ ಡೇವಿಡ್ ಶಿನ್ ಎಂಬ ವೈದ್ಯರು, ಆ ಸೋಂಕಿಗಾಗಿ ಮೆಟ್ರೊನಿಡಜೋಲ್ ಸೇವಿಸಿದ ಮಹಿಳೆಯೊಬ್ಬರ ಹುಣ್ಣಾದ ವಸಡೂ ವಾಸಿಯಾದದ್ದನ್ನು ವರದಿ ಮಾಡಿದರು. ಆಮ್ಲಜನಕ ಸಹಿಸದ ಬ್ಯಾಕ್ಟೀರಿಯಾಗಳನ್ನು ಈ ಔಷಧ ಕೊಲ್ಲಬಲ್ಲದು ಎಂಬ ಅರಿವು ಬೆಳೆದದ್ದು ಅಲ್ಲಿಂದ. ಆದರೆ ಅಗ್ರಿಗೇಟಿಬ್ಯಾಕ್ಟರ್ ಜೀವಿ ಗಾಳಿಯಿದ್ದರೂ ಬದುಕುವಂಥದ್ದಾದ್ದರಿಂದ ಮೆಟ್ರೊನಿಡಜೋಲ್ ಒಂದರಿಂದಲೇ ಅದು ಜಗ್ಗುವುದಿಲ್ಲ. 1989ರಲ್ಲಿ ನೆದರ್ಲೆಂಡ್ಸಿನ ಆರಿ ಜಾನ್ ವಾನ್ ವಿಂಕೆಲ್‌ಹಾಫ್ ಮತ್ತು ಸಹೋದ್ಯೋಗಿಗಳು ಅದಕ್ಕೆ ಅಮಾಕ್ಸಿಸಿಲಿನ್ ಜೋಡಿಸಿ ಕೊಟ್ಟಾಗ ಆ ಬ್ಯಾಕ್ಟೀರಿಯಾ ಹತೋಟಿಗೆ ಬಂತು. ಅಂದಿನಿಂದ ತೀವ್ರ ವಸಡು ರೋಗದಲ್ಲಿ ಈ ಜೋಡಿಯೇ ಮುಂಚೂಣಿಯಲ್ಲಿದೆ.

ಕೊಡಬೇಕೆನ್ನುವ ವಾದ, ಬೇಡವೆನ್ನುವ ವಾದ

ಜೋಡಿ ಔಷಧದ ಪರವಾಗಿರುವವರ ವಾದದಲ್ಲಿ ಹುರುಳಿದೆ. ಉಪಕರಣ ತಲುಪದ ಕವಲು ಬೇರುಗಳ ನಡುವಿನ ಸಂದಿಯಲ್ಲೂ ವಸಡಿನ ಅಂಗಾಂಶದೊಳಗೂ ಬ್ಯಾಕ್ಟೀರಿಯಾ ಅಡಗಿರುತ್ತವೆ. ಅಲ್ಲಿಗೆ ರಕ್ತದ ಮೂಲಕ ಔಷಧ ಹೋಗಬಲ್ಲದು. ಬ್ರೆಜಿಲಿನ ಸಂಶೋಧಕರೂ ಸೇರಿದಂತೆ ಹಲವರು ತೋರಿಸಿರುವಂತೆ, ಶುಚಿಗೊಳಿಸಿದ ಜೊತೆಗೇ ಈ ಔಷಧ ಕೊಟ್ಟರೆ ಆಳವಾದ ಸಂದುಗಳು ಹೆಚ್ಚಿನ ಸಂಖ್ಯೆಯಲ್ಲಿ ಮುಚ್ಚಿಕೊಳ್ಳುತ್ತವೆ. ವಸಡು ಬಿಡಿಸಿ ಮಾಡುವ ಶಸ್ತ್ರಚಿಕಿತ್ಸೆಯ ಅಗತ್ಯ ಕೆಲವರಿಗಾದರೂ ತಪ್ಪುತ್ತದೆ. ಇಪ್ಪತ್ತೈದರ ವಯಸ್ಸಿಗೇ ಹಲ್ಲುಗಳು ಸಡಿಲವಾಗುತ್ತಿರುವವರ ಪಾಲಿಗೆ ಇದು ಸಣ್ಣ ಲಾಭವಲ್ಲ.

ವಿರುದ್ಧ ವಾದವು ಲಾಭದ ಗಾತ್ರವನ್ನೇ ಪ್ರಶ್ನಿಸುತ್ತದೆ. ಜರ್ಮನಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಆಬ್‌ಪಾರೊ ಎಂಬ ದೊಡ್ಡ ಪ್ರಯೋಗದಲ್ಲಿ ಎಲ್ಲ ರೋಗಿಗಳಿಗೂ ಬೇರಿನವರೆಗೆ ಶುಚಿಗೊಳಿಸಿ, ಮೂರು ತಿಂಗಳಿಗೊಮ್ಮೆ ಮರುಭೇಟಿ ಏರ್ಪಡಿಸಿ, ಅರ್ಧದಷ್ಟು ಜನರಿಗೆ ಒಂದು ವಾರ ಜೋಡಿ ಔಷಧವನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ಕೊಡಲಾಯಿತು. 27 ತಿಂಗಳಿಗೂ ಹೆಚ್ಚು ಕಾಲದ ನಂತರ ನೋಡಿದಾಗ, ರೋಗ ಮುಂದುವರಿದ ಜಾಗಗಳ ಪ್ರಮಾಣ ಹುಸಿಮಾತ್ರೆಯವರಲ್ಲಿ ಶೇ 7.8, ಔಷಧ ಪಡೆದವರಲ್ಲಿ ಶೇ 5.3. ವ್ಯತ್ಯಾಸ ಇದೆ, ಅದು ನಿಜ. ಆದರೆ ಹುಸಿಮಾತ್ರೆ ನುಂಗಿದವರಲ್ಲೂ ಶೇ 92ರಷ್ಟು ಜಾಗಗಳಲ್ಲಿ ರೋಗ ನಿಂತೇ ಇತ್ತು. ಆ ಕೆಲಸ ಮಾಡಿದ್ದು ಶುಚಿಗೊಳಿಸುವಿಕೆ ಮತ್ತು ಮರುಭೇಟಿ. ಇದೇ ಈ ಪ್ರಯೋಗದಿಂದ ನಾವು ಮುಖ್ಯವಾಗಿ ಪಡೆಯಬೇಕಾದ ತಿಳಿವಳಿಕೆ ಎನ್ನಬೇಕು. 2020ರಲ್ಲಿ ಕಾಕ್ರೇನ್ ಸಂಸ್ಥೆ 45 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಔಷಧ ಸೇರಿಸುವುದರಿಂದ ದೀರ್ಘಕಾಲದಲ್ಲಿ ಆಗುವ ಅನುಕೂಲದ ಬಗ್ಗೆ ಇರುವ ಪುರಾವೆ ತೀರ ದುರ್ಬಲ ಎಂಬ ನಿರ್ಣಯಕ್ಕೆ ಬಂತು.

ಈ ಎರಡೂ ಕಡೆಯ ತೂಕ ನೋಡಿ ಯುರೋಪಿನ ವಸಡು ತಜ್ಞರ ಒಕ್ಕೂಟ 2020ರ ಮಾರ್ಗಸೂಚಿಯಲ್ಲಿ ಮಧ್ಯದ ನಿಲುವು ತೆಗೆದುಕೊಂಡಿತು. ವಾಡಿಕೆಯಂತೆ ಎಲ್ಲರಿಗೂ ಪ್ರತಿಜೀವಕ ಮಾತ್ರೆ ಕೊಡಬಾರದು. ಬಾಯಿತುಂಬ ಹರಡಿದ ಮೂರನೇ ಹಂತದ, ಅಂದರೆ ತೀವ್ರ ಸ್ವರೂಪದ ರೋಗವಿರುವ ಯುವ ವಯಸ್ಕರಂಥ ಆಯ್ದ ಗುಂಪುಗಳಲ್ಲಿ ಪರಿಗಣಿಸಬಹುದು. ಹಾಗೆ ಕೊಟ್ಟಾಗಲೂ ಅದು ಶುಚಿಗೊಳಿಸುವಿಕೆಯ ಜೊತೆಗೆ ಬರುವ ಪೂರಕವೇ ಹೊರತು ಅದರ ಬದಲಿಯಲ್ಲ. ಲೇಸರ್, ಬೆಳಕಿನ ಚಿಕಿತ್ಸೆ ಮತ್ತು ಪ್ರೊಬಯಾಟಿಕ್‌ಗಳನ್ನು ಪೂರಕವಾಗಿ ಬಳಸುವುದಕ್ಕೂ ಅದೇ ಮಾರ್ಗಸೂಚಿ ಸಮ್ಮತಿ ಕೊಟ್ಟಿಲ್ಲ.

ಮಾದರಿ ತೆಗೆದು ಪರೀಕ್ಷಿಸಿ ಆಮೇಲೆ ಔಷಧ ಕೊಡಬಾರದೇಕೆ ಎಂಬ ಪ್ರಶ್ನೆ ಸಹಜ. ಗಾಳಿ ಸೋಕಿದರೆ ಸಾಯುವ ಬ್ಯಾಕ್ಟೀರಿಯಾಗಳನ್ನು ಜೀವಂತವಾಗಿ ಪ್ರಯೋಗಾಲಯಕ್ಕೆ ಸಾಗಿಸಿ ದಿನಗಟ್ಟಲೆ ಬೆಳೆಸಬೇಕಾಗುತ್ತದೆ. ಆ ಸೌಲಭ್ಯ ಇರುವ ಪ್ರಯೋಗಾಲಯಗಳು ಕಡಿಮೆ, ಖರ್ಚು ಹೆಚ್ಚು. ಡಿಎನ್‌ಎ ಆಧಾರಿತ ಕಿಟ್‌ಗಳು ಯಾವ ಬ್ಯಾಕ್ಟೀರಿಯಾ ಇದೆ ಎಂಬುದನ್ನು ಬೇಗ ಹೇಳಬಲ್ಲವು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ಸಾಮಾನ್ಯವಾಗಿ ಹೇಳಲಾರವು.

ಮಾತ್ರೆ ಏಕೆ ಅಷ್ಟು ಬೇಗ ಕೈಗೆ ಬರುತ್ತದೆ

2020ರ ಏಪ್ರಿಲ್‌ನಿಂದ ಜುಲೈವರೆಗೆ, ಕೋವಿಡ್ ನಿರ್ಬಂಧದಿಂದ ಇಂಗ್ಲೆಂಡಿನ ದಂತ ಚಿಕಿತ್ಸಾಲಯಗಳ ಮಾಮೂಲು ಕೆಲಸ ಸ್ಥಗಿತಗೊಂಡಿದ್ದಾಗ, ದಂತವೈದ್ಯರು ಬರೆದ ಪ್ರತಿಜೀವಕಗಳ ಪ್ರಮಾಣ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಶೇ 25ರಷ್ಟು ಏರಿತು. ಜನರ ಬಾಯಲ್ಲಿ ಬ್ಯಾಕ್ಟೀರಿಯಾ ಒಮ್ಮೆಗೇ ಹೆಚ್ಚಿದ್ದೇನೂ ಅಲ್ಲ. ಕೈಯಿಂದ ಮಾಡಬೇಕಾದ ಚಿಕಿತ್ಸೆಗೆ ದಾರಿ ಮುಚ್ಚಿದಾಗ ಅದರ ಜಾಗಕ್ಕೆ ಮಾತ್ರೆ ಬಂತು.

ಇಂಗ್ಲೆಂಡಿನಲ್ಲಿ ಕೆಲವು ತಿಂಗಳು ಇದ್ದ ಸ್ಥಿತಿ ನಮ್ಮಲ್ಲಿ ಅನೇಕರಿಗೆ ಸದಾಕಾಲದ್ದು. ಆಳವಾದ ಸಂದುಗಳನ್ನು ಬೇರಿನವರೆಗೆ ಶುಚಿಗೊಳಿಸಲು ಹಲವು ಭೇಟಿಗಳು ಬೇಕು. ಪ್ರತಿ ಭೇಟಿಗೂ ಹಣ ಬೇಕು, ದಿನಗೂಲಿಯವರಿಗಾದರೆ ಒಂದು ದಿನದ ಸಂಬಳವೂ ಹೋಗುತ್ತದೆ. ಬಹುತೇಕ ಆರೋಗ್ಯ ವಿಮೆಗಳು ಅಪಘಾತದ ಗಾಯವನ್ನು ಬಿಟ್ಟರೆ ಹಲ್ಲಿನ ಚಿಕಿತ್ಸೆಯ ವೆಚ್ಚವನ್ನು ಭರಿಸುವುದಿಲ್ಲ. ಕರ್ನಾಟಕದಲ್ಲಿ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಕೊಡುವ ದಂತ ಭಾಗ್ಯ ಯೋಜನೆ ಬಂತು. ಅದು ಒಳ್ಳೆಯ ಯೋಜನೆ, ಆದರೆ ಅದು ನೆರವಿಗೆ ಬರುವುದು ಹಲ್ಲು ಉದುರಿದ ಮೇಲೆ. ಹಲ್ಲು ಉಳಿಸುವ ಹಂತದಲ್ಲಿ ಅದೇ ಪ್ರಮಾಣದ ಆಸರೆ ಇದ್ದಿದ್ದರೆ ಔಷಧದ ಮೇಲಿನ ಒತ್ತಡ ತಾನಾಗಿಯೇ ಇಳಿಯುತ್ತಿತ್ತು.

ಇದರ ಜೊತೆಗೆ ಶುಚಿಗೊಳಿಸುವುದರ ಬಗ್ಗೆಯೇ ಇರುವ ಭಯವೂ ಸೇರುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ನಡುವೆ ಸಂದು ಬೀಳುತ್ತದೆ ಎಂಬ ನಂಬಿಕೆ ಊರು ನಗರ ಎನ್ನದೆ ಎಲ್ಲೆಡೆ ಇದೆ. ಮೂಳೆ ಆಗಲೇ ಕರಗಿದ್ದ ಹಲ್ಲುಗಳನ್ನು ಕಿಟ್ಟವೇ ಸಿಮೆಂಟಿನಂತೆ ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ ಹಿಂದೆಯೇ ಇದ್ದ ಸಡಿಲ ಕಣ್ಣಿಗೆ ಬೀಳುತ್ತದೆ. ವೈದ್ಯರು ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ, ರೋಗಿ ಮುಂದಿನ ಬಾರಿ ಚಿಕಿತ್ಸಾಲಯದ ಬದಲು ಔಷಧ ಅಂಗಡಿಗೆ ಹೋಗುತ್ತಾರೆ. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಇವೆಲ್ಲವೂ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಯ ಔಷಧಗಳು. ಮಾರಾಟದ ಪ್ರತ್ಯೇಕ ದಾಖಲೆ ಇಡಬೇಕೆಂಬ, 2014ರಲ್ಲಿ ಜಾರಿಗೆ ಬಂದ ಷೆಡ್ಯೂಲ್ ಎಚ್1 ನಿಯಮದ ವ್ಯಾಪ್ತಿಗೆ ಇವು ಬರುವುದಿಲ್ಲ. ನಿಯಮದ ಹಿಡಿತ ಸಡಿಲವಾಗಿರುವುದು ಇಲ್ಲೇ. ನೋವು ತಗ್ಗುವವರೆಗೆ ಎರಡು ದಿನ ನುಂಗಿ ಉಳಿದದ್ದನ್ನು ಮುಂದಿನ ಬಾರಿಗೆ ಎತ್ತಿಡುವ ಅಭ್ಯಾಸವಂತೂ ಎಲ್ಲಕ್ಕಿಂತ ಕೆಟ್ಟದ್ದು: ಪದರದೊಳಗಿನ ಬ್ಯಾಕ್ಟೀರಿಯಾಗಳಿಗೆ ಸಾಯುವಷ್ಟು ಔಷಧ ತಲುಪುವುದಿಲ್ಲ, ನಿರೋಧಕ ತಳಿಗಳು ಆಯ್ಕೆಯಾಗಿ ಉಳಿಯಲು ಬೇಕಾದಷ್ಟು ಮಾತ್ರ ತಲುಪುತ್ತದೆ.

ಬಾಯಿಯಿಂದ ಶ್ವಾಸಕೋಶಕ್ಕೆ

ಹಲ್ಲಿನ ಸಂದಿಯಲ್ಲಿ ಬೆಳೆದ ನಿರೋಧಕತೆ ಅಲ್ಲೇ ಉಳಿಯುತ್ತದೆಯೆ? ಉಳಿಯುವುದಿಲ್ಲ. ಮನುಷ್ಯ ದಿನಕ್ಕೆ ಸುಮಾರು ಒಂದು ಲೀಟರಿನಷ್ಟು ಲಾಲಾರಸವನ್ನು ಅದರಲ್ಲಿನ ಬ್ಯಾಕ್ಟೀರಿಯಾಗಳ ಸಮೇತ ನುಂಗುತ್ತಾನೆ. ನುಂಗಿದ ಮಾತ್ರೆಯೂ ವಸಡನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಕರುಳು, ಗಂಟಲು, ಚರ್ಮದ ಮೇಲಿನ ನಿರುಪದ್ರವಿ ಜೀವಿಗಳೆಲ್ಲ ಅದಕ್ಕೆ ಒಡ್ಡಿಕೊಳ್ಳುತ್ತವೆ.

ಬಾಯಿಯ ನಿರುಪದ್ರವಿಗಳಿಂದ ಮಾರಕ ರೋಗಾಣುವಿಗೆ ನಿರೋಧಕತೆ ದಾಟಿದ್ದಕ್ಕೆ ಚೆನ್ನಾಗಿ ದೃಢಪಟ್ಟ ಉದಾಹರಣೆಯೊಂದಿದೆ. ನ್ಯುಮೋನಿಯಾ ಮತ್ತು ಮಿದುಳು ಪೊರೆಯ ಉರಿಯೂತ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಬಗ್ಗದಂತಾದದ್ದು, ಬಾಯಲ್ಲಿ ಸಾಧುವಾಗಿ ಬದುಕುವ ಸ್ಟ್ರೆಪ್ಟೊಕಾಕಸ್ ಮೈಟಿಸ್‌ನಂಥ ತನ್ನ ದಾಯಾದಿಗಳಿಂದ ವಂಶವಾಹಿಯ ತುಣುಕುಗಳನ್ನು ಪಡೆದು ತನ್ನದರಲ್ಲಿ ಹೊಲಿದುಕೊಂಡಿದ್ದರಿಂದ. ವಸಡಿಗೆಂದು ನುಂಗಿದ ಅನಗತ್ಯ ಅಮಾಕ್ಸಿಸಿಲಿನ್ ಈ ಸಾಧು ಜೀವಿಗಳಲ್ಲಿ ನಿರೋಧಕ ತಳಿಗಳನ್ನೇ ಉಳಿಸುತ್ತದೆ. ಹಾಗೆ ಉಳಿದವುಗಳ ವಂಶವಾಹಿ ನಾಳೆ ಮತ್ತೊಬ್ಬರ ಮಗುವಿನ ಶ್ವಾಸಕೋಶದಲ್ಲಿರುವ ನ್ಯುಮೊಕಾಕಸ್‌ಗೆ ಸೇರಬಹುದು. ಪ್ರತಿಜೀವಕ ನಿರೋಧಕ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯ ಅಂದಾಜು ಹೇಳುತ್ತದೆ. ಆ ಸಾವುಗಳಲ್ಲಿ ದಂತ ಚಿಕಿತ್ಸೆಯ ಪಾಲನ್ನು ಬೇರ್ಪಡಿಸಿ ತೋರಿಸಲಾಗದು, ಆದರೆ ಅಮೆರಿಕದಂಥ ದೇಶಗಳಲ್ಲಿ ಆಸ್ಪತ್ರೆಯ ಹೊರಗೆ ಬರೆಯುವ ಪ್ರತಿಜೀವಕಗಳ ಸುಮಾರು ಹತ್ತನೇ ಒಂದು ಭಾಗ ದಂತವೈದ್ಯರ ಚೀಟಿಯಿಂದ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಆದರೂ ವಸಡಿನ ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಡುವವರಿಲ್ಲ. ಲೇಖನದ ಆರಂಭದಲ್ಲಿ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಆಧರಿಸಿರುವುದು ರಕ್ತ, ಮೂತ್ರ, ಕರುಳು ಮತ್ತು ಜನನಾಂಗದ ಸೋಂಕು ತರುವ ಎಂಟು ರೋಗಾಣುಗಳನ್ನು. ಕೆಂಪು ಸಮೂಹದ ಒಂದು ಜೀವಿಯೂ ಆ ಪಟ್ಟಿಯಲ್ಲಿಲ್ಲ. ಮಾರಕ ಸೋಂಕುಗಳಿಗೆ ಆದ್ಯತೆ ಕೊಡುವುದು ನ್ಯಾಯವೇ, ಆದರೆ ಅದರ ಪರಿಣಾಮವಾಗಿ ವಸಡಿನ ಔಷಧದ ಕುರಿತ ಚರ್ಚೆಯೆಲ್ಲ ಬೇರೆ ದೇಶಗಳ ಚದುರಿದ ಅಧ್ಯಯನಗಳ ಮೇಲೆ ನಿಂತಿದೆ. ಸೂಕ್ಷ್ಮಜೀವಿ ವಿಭಾಗವಿರುವ ದಂತ ವೈದ್ಯಕೀಯ ಕಾಲೇಜುಗಳು ಕರ್ನಾಟಕದಲ್ಲಿ ಹಲವು ಇವೆ. ವರ್ಷಕ್ಕೊಮ್ಮೆ ಕೆಲವು ನೂರು ಮಾದರಿಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಒಂದೆಡೆ ಸೇರಿಸುವುದು ಅವುಗಳ ಶಕ್ತಿಗೆ ಮೀರಿದ ಕೆಲಸವಲ್ಲ, ಮತ್ತು ಅದು ಆಗಲೇಬೇಕಾದ ಕೆಲಸ.

ಔಷಧ ಬೇಕೇ ಬೇಕಾದ ಸಂದರ್ಭಗಳು

ಇಷ್ಟೆಲ್ಲ ಹೇಳಿದ್ದರ ಅರ್ಥ ಪ್ರತಿಜೀವಕವನ್ನು ಹೆದರಿ ದೂರವಿಡಬೇಕೆಂದಲ್ಲ. ವಸಡು ಅಥವಾ ಹಲ್ಲಿನ ಬಾವು ಕೆನ್ನೆ, ಗದ್ದ, ಕುತ್ತಿಗೆಗೆ ಹರಡಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ಜೀವಕ್ಕೇ ಅಪಾಯವಿರುವ ಸ್ಥಿತಿ. ಕೂಡಲೇ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಕೀವು ತೆಗೆಯುವುದರ ಜೊತೆಗೆ ಪ್ರತಿಜೀವಕವೂ ಬೇಕಾಗುತ್ತದೆ. ದೇಹದ ರೋಗನಿರೋಧಕ ಶಕ್ತಿ ತೀರ ಕುಗ್ಗಿರುವವರ ವಿಷಯದಲ್ಲೂ ವೈದ್ಯರ ತೀರ್ಮಾನ ಬೇರೆಯಾಗಬಹುದು. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಔಷಧವನ್ನು ಸ್ವಂತ ನಿರ್ಧಾರದಿಂದ ಅರ್ಧಕ್ಕೆ ಬಿಡಬಾರದು. ಮೆಟ್ರೊನಿಡಜೋಲ್ ಸೇವಿಸುವ ದಿನಗಳಲ್ಲಿ ಮದ್ಯ ಕುಡಿಯಬಾರದು.

ಉಳಿದ ಬಹುಪಾಲು ಸಂದರ್ಭಗಳಲ್ಲಿ ಚಿಕಿತ್ಸೆ ಎಂದರೆ ಸಂದುಗಳ ಆಳವನ್ನು ಅಳೆದು ಬರೆದಿಟ್ಟುಕೊಳ್ಳುವುದು, ಬೇರಿನವರೆಗೆ ಶುಚಿಗೊಳಿಸುವುದು, ತಂಬಾಕು ಬಿಡಿಸುವುದು, ಸಕ್ಕರೆಯನ್ನು ಹತೋಟಿಗೆ ತರುವುದು, ಹಲ್ಲುಗಳ ನಡುವೆ ಪುಟ್ಟ ಬ್ರಷ್ಷಿನಿಂದ ದಿನವೂ ಪದರವನ್ನು ತೆಗೆಯುವುದನ್ನು ಕಲಿಸುವುದು. ಮಧುಮೇಹಿಗಳಲ್ಲಿ ಈ ಚಿಕಿತ್ಸೆಯಿಂದ ಮೂರು ನಾಲ್ಕು ತಿಂಗಳಲ್ಲಿ ಸಕ್ಕರೆಯ ಸರಾಸರಿ ಸೂಚಿಯಾದ ಎಚ್‌ಬಿಎ1ಸಿ ಸುಮಾರು 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ಪರಿಶೀಲನೆ ತಿಳಿಸಿದೆ. ಶುಚಿಗೊಳಿಸಿದ ಸಂದುಗಳಿಗೆ ಬ್ಯಾಕ್ಟೀರಿಯಾಗಳು ವಾರಗಳಿಂದ ತಿಂಗಳುಗಳೊಳಗೆ ಮರಳತೊಡಗುತ್ತವೆ. ತೀವ್ರ ರೋಗವಿದ್ದವರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬರಲು ಹೇಳುವುದು ಇದಕ್ಕಾಗಿ. ಆ ಭೇಟಿಯಲ್ಲಿ ಸಂದುಗಳನ್ನು ಮತ್ತೆ ಅಳೆದು, ಪದರ ಗಟ್ಟಿಯಾಗುವ ಮೊದಲೇ ತೆಗೆದರೆ, ಚೀಟಿಯಲ್ಲಿ ಪ್ರತಿಜೀವಕ ಬರೆಯುವ ಪ್ರಸಂಗ ಹೆಚ್ಚಿನವರಿಗೆ ಬರುವುದೇ ಇಲ್ಲ.